ಟೂ-ಇನ್-ಒನ್ ಫೈಲ್ ಗೈಡ್: ಚೈನ್‌ಸಾ ಹಲ್ಲಿಗೆ 30 ಡಿಗ್ರಿ ಸಾಕಾ?

ನಮ್ಮದು ಕಾಫಿ ತೋಟ. ಮಳೆಗೆ ಬಿದ್ದ ಮರ, ಮರಗಸಿಯಲ್ಲಿ (ನೆರಳು ಮರ ಸವರುವಾಗ) ಬೀಳುವ ದಪ್ಪ ಕೊಂಬೆ, ಸೌದೆ, ಎಲ್ಲಕ್ಕೂ ಚೈನ್‌ಸಾನೇ. ಅದಕ್ಕೆ ಅರ ಹಾಕಲು ಕೆಲವು ವರ್ಷಗಳಿಂದ ಈ ಗೈಡ್ ಬಳಸುತ್ತಿದ್ದೇನೆ. ಚೌಕಟ್ಟಿನೊಳಗೆ ಎರಡು ದುಂಡು ಅರ, ಒಂದು ಚಪ್ಪಟೆ ಅರ. ದುಂಡು ಅರ ಹಲ್ಲನ್ನು ಹರಿತ ಮಾಡುವಾಗಲೇ ಚಪ್ಪಟೆಯದು ಮುಂದಿನ ರೇಕರನ್ನು, ಅಂದರೆ ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯುವ ಗುಬುಟನ್ನು, ತಗ್ಗಿಸುತ್ತದೆ. ಗೈಡ್ ಮೇಲಿನ ಗೆರೆಯನ್ನು ಬಾರ್‌ಗೆ (ಚೈನ್ ಸುತ್ತುವ ಉದ್ದ ಪಟ್ಟಿಗೆ) ಸಮಾನಾಂತರವಾಗಿ ಹಿಡಿದರೆ ಹಲ್ಲಿನ ಅಂಚಿಗೆ 30 ಡಿಗ್ರಿ ಓರೆ ಸಿಗುತ್ತದೆ.

ಡಿಗ್ರಿ ಬಗ್ಗೆ ಜನ ಸುಮ್ನೆ ಜಗಳ ಆಡುತ್ತಾರೆ. ಹಸಿ ಸಿಲ್ವರ್ ಓಕ್‌ಗೆ 30 ಚೆನ್ನಾಗಿದೆ. ಮೆತ್ತನೆ ಮರಕ್ಕೆ 35 ಇಟ್ಟರೆ ಇನ್ನೂ ಸರಾಗ, ಆದರೆ ತುದಿ ತೆಳುವಾಗಿ ಬೇಗ ಮೊಂಡಾಗುತ್ತದೆ. ಒಣಗಿದ ಅಕೇಶಿಯಾ, ಮತ್ತಿ ಇದ್ದರೆ 25ಕ್ಕೆ ಇಳಿಸಿ. ಕೊಯ್ಯುವುದು ಕೊಂಚ ನಿಧಾನ, ಹರಿತ ಜಾಸ್ತಿ ಹೊತ್ತು ನಿಲ್ಲುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವವರಿಗೆ 10 ಡಿಗ್ರಿಯ ರಿಪ್ಪಿಂಗ್ ಚೈನ್ ಬೇರೆಯೇ ಬರುತ್ತದೆ. ಅದಕ್ಕೆ ಈ ಗೈಡ್ ಬೇಡ.

ನನ್ನ ಪ್ರಕಾರ ಎರಡು ಡಿಗ್ರಿ ಆಚೀಚೆ ಆದರೆ ಏನೂ ಆಗಲ್ಲ. ಎಡ ಬಲದ ಹಲ್ಲು ಒಂದೇ ಥರ ಇರಬೇಕು, ಅಷ್ಟೇ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ತಿಣುಕಾಟ, ಅಲ್ವಾ? ಬರಿ ಅರದಲ್ಲಿ ಉಜ್ಜಿದಾಗ ಆ ಬದಿಯ ಹಲ್ಲು ಉದ್ದ ಉಳಿದು, ದಪ್ಪ ದಿಮ್ಮಿಯಲ್ಲಿ ಬಾರ್ ಓರೆಯಾಗಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಗೈಡ್ ಬಂದ ಮೇಲೆ ಆ ಕಾಟ ತಪ್ಪಿದೆ. ಆದರೂ ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ, ಉಳಿದವನ್ನು ಅದರ ಮಟ್ಟಕ್ಕೆ ತರುವ ಕೆಲಸ ನಮ್ಮದೇ. ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿ, ವಾಪಸ್ ಎಳೆಯುವಾಗ ಎತ್ತಿ. ಸರಿಯಾಗಿದ್ದರೆ ಹಿಟ್ಟಿನಂಥ ಪುಡಿ ಹೋಗಿ ಚಕ್ಕೆ ಬೀಳುತ್ತದೆ.

ತಕರಾರು ಇಲ್ಲದೆ ಇಲ್ಲ. ಗೆರೆ ಇರುವುದು 30ಕ್ಕೆ ಮಾತ್ರ, 25 ಬೇಕಾದರೆ ಕಣ್ಣಳತೆಯೇ ಗತಿ. ರೇಕರ್ ಎಷ್ಟು ತಗ್ಗಬೇಕು ಅನ್ನುವುದನ್ನೂ ಗೈಡೇ ತೀರ್ಮಾನ ಮಾಡುತ್ತದೆ. ಗಟ್ಟಿ ಮರಕ್ಕೆ ರೇಕರ್ ಸ್ವಲ್ಪ ಎತ್ತರ ಉಳಿಸಬೇಕು ಅಂದರೆ ಆಗಲ್ಲ. ಚಪ್ಪಟೆ ಅರ ಸವೆದರೆ ನಮ್ಮ ಪೇಟೆಯಲ್ಲಿ ಸಿಗುವುದೂ ಇಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು.

ಕೊಳ್ಳುವ ಮುಂಚೆ ಚೈನ್ ಅಳತೆ (ಇಂಚಿನಲ್ಲಿ ಹೇಳುವ ಪಿಚ್, ಅಂದರೆ ಕೊಂಡಿಗಳ ಅಂತರ) ನೋಡಿ. ಸಣ್ಣ ಮಿಷನ್‌ಗಳ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿಮೀ ಅರದ ಗೈಡ್, .325ಕ್ಕೆ ಸಾಮಾನ್ಯವಾಗಿ 4.8 ಮಿಮೀ. ಒಂದರದ್ದು ಇನ್ನೊಂದಕ್ಕೆ ಆಗಲ್ಲ. ನಮ್ಮ ಮನೆಯಲ್ಲಿ ಎರಡೂ ಮಿಷನ್ ಇರುವುದರಿಂದ ಗೈಡೂ ಎರಡು ಇವೆ.