ಗೂಗಲ್ ಸ್ಕಾಲರ್, ಜೆಸ್ಟೋರ್, ಶೋಧಗಂಗಾ: ಮುಂಬೈ ಸಂಶೋಧಕಿಯೊಬ್ಬಳ ಬಳಕೆಯ ಅನುಭವ

ಮುಂಬೈಯ ಗಿರಣಿಗಳಲ್ಲಿ ದುಡಿದ ಕನ್ನಡಿಗರ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗಿ, ಕಾಲೇಜಿನಲ್ಲಿ ಪಾಠ ಮಾಡಿ ಬಂದ ಮೇಲೆ ಉಳಿಯುವ ಹೊತ್ತಿನಲ್ಲೇ ಓದು ಸಾಗಬೇಕು. ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್, ವಿದ್ವತ್ ಪತ್ರಿಕೆಗಳ ಸಂಚಿಕೆಗಳನ್ನು ಕೂಡಿಟ್ಟಿರುವ ಡೇಟಾಬೇಸ್ ಜೆಸ್ಟೋರ್, ಭಾರತದ ಪಿಎಚ್.ಡಿ. ಪ್ರಬಂಧಗಳ ಭಂಡಾರ ಶೋಧಗಂಗಾ, ಈ ಮೂರನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಸ್ಕಾಲರ್‌ನಂಥ ಹುಡುಕುಯಂತ್ರವೋ ಜೆಸ್ಟೋರ್‌ನಂಥ ಡೇಟಾಬೇಸೋ ಎಂದರೆ, ಗಂಭೀರ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಡೇಟಾಬೇಸನ್ನೇ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರಿದ್ದರು. ಇದನ್ನು ಸ್ಕಾಲರ್‌ನಲ್ಲಿ ಹುಡುಕಿದಾಗ ನನಗೆ ಮೊದಲು ಎದುರಾಗುವುದು ಎಷ್ಟೋ ವರ್ಷಗಳ ನಂತರ ಬಂದ, ಹೆಚ್ಚು ಮಂದಿ ಉಲ್ಲೇಖಿಸಿರುವ ಪುಸ್ತಕಗಳು. ಜೆಸ್ಟೋರ್‌ನಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ವಾರಪತ್ರಿಕೆಯೊಂದನ್ನೇ ಆರಿಸಿ, 1982ರಿಂದ 1983 ಎಂದು ಅವಧಿ ಗೊತ್ತುಮಾಡಿದರೆ, ಮುಷ್ಕರ ನಡೆಯುತ್ತಿದ್ದಾಗಲೇ ಬರೆದ ಲೇಖನಗಳು ತೆರೆದುಕೊಳ್ಳುತ್ತವೆ. ಅದು ಗೆಲ್ಲುವುದೋ ಸೋಲುವುದೋ ಬರೆದವರಿಗೂ ಆಗ ಗೊತ್ತಿರಲಿಲ್ಲ. ಇತಿಹಾಸ ಓದುವವರಿಗೆ ಇದಕ್ಕಿಂತ ಬೆಲೆಬಾಳುವ ಬರಹ ಯಾವುದಿದೆ?

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ‘ಈ ವಿಷಯದ ಮೇಲೆ ಕೆಲಸ ನಡೆದಿಲ್ಲ’ ಎಂದು ಪ್ರಬಂಧದಲ್ಲಿ ಬರೆಯಬೇಕಾದರೆ ಎಲ್ಲೆಲ್ಲಿ ಹುಡುಕಿದೆವು ಎಂಬುದು ಖಚಿತವಾಗಿರಬೇಕು. ಯಾವ ಪತ್ರಿಕೆಯ ಯಾವ ವರ್ಷದ ಸಂಚಿಕೆಗಳು ತನ್ನಲ್ಲಿವೆ ಎಂದು ಜೆಸ್ಟೋರ್ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಸ್ಕಾಲರ್‌ನಲ್ಲಿ ಅಂಥ ಪಟ್ಟಿ ಇಲ್ಲ. ಲಕ್ಷ ಫಲಿತಾಂಶಗಳಿವೆ ಎಂದು ತೋರಿಸಿದರೂ ಮೊದಲ 1000ದ ಆಚೆಗೆ ಅದು ಬಿಡುವುದಿಲ್ಲ.

ಹಾಗೆಂದು 2004ರಿಂದ ಇರುವ ಸ್ಕಾಲರ್ ಇಲ್ಲದೆಯೂ ನನಗೆ ನಡೆಯದು. ಒಂದು ಒಳ್ಳೆಯ ಲೇಖನ ಕೈಗೆ ಸಿಕ್ಕರೆ, ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಒಂದೇ ಕ್ಲಿಕ್ಕಿನಲ್ಲಿ ನೋಡಬಹುದು. ಜೆಸ್ಟೋರ್‌ನಲ್ಲಿ ಅನೇಕ ಪತ್ರಿಕೆಗಳ ಇತ್ತೀಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳು ಇರುವುದಿಲ್ಲ. ಆ ಕೊರತೆ ತುಂಬುವುದು ಸ್ಕಾಲರ್.

ಕನ್ನಡಕ್ಕೆ ಬಂದಾಗ ಮಾತ್ರ ಮನಸ್ಸಿಗೆ ನೋವಾಗುತ್ತದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ಕನ್ನಡ ಮಹಾಪ್ರಬಂಧಗಳು ಬೇಕಾದಷ್ಟಿವೆ, ಅದೂ ಉಚಿತವಾಗಿ. ಆದರೆ ಎಷ್ಟೋ ಪ್ರಬಂಧಗಳನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ಬಗೆಯಾಗಿ ಗುರುತಿಸುವ ಅಕ್ಷರಸಂಕೇತ) ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಲಾಗಿದೆ. ಪುಟದ ಮೇಲೆ ಅಚ್ಚುಕಟ್ಟಾದ ಕನ್ನಡವೇ ಕಾಣುತ್ತದೆ. ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಬೀಳುತ್ತವೆ. ‘ಗಿರಣಿ’ ಎಂದು ಟೈಪ್ ಮಾಡಿ ಹುಡುಕಿದರೆ ಅಂಥ ಪುಟ ಎಂದಿಗೂ ಸಿಗದು. ವಿಭಾಗವನ್ನು, ಮಾರ್ಗದರ್ಶಕರ ಹೆಸರನ್ನು ಹಿಡಿದು ಒಂದೊಂದನ್ನೇ ತೆರೆದು ನೋಡುತ್ತೇನೆ. ಸಮಯ ಹಿಡಿಯುತ್ತದೆ, ಆದರೆ ನನ್ನ ಅಧ್ಯಯನಕ್ಕೆ ಬೇಕಾದ ಕೆಲವು ಉತ್ತಮ ಕ್ಷೇತ್ರಕಾರ್ಯಗಳು ಸಿಕ್ಕಿದ್ದು ಹೀಗೆಯೇ.

ವಿದ್ವತ್ ಪತ್ರಿಕೆಗಳ ಚಂದಾವನ್ನು ಕೇಂದ್ರ ಸರ್ಕಾರವೇ ಒಟ್ಟಾಗಿ ಕಟ್ಟುವ, 2025ರಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳಲ್ಲಿರುವವರಿಗೆ ದೊಡ್ಡ ಅನುಕೂಲ. ಯಾವ ಸಂಸ್ಥೆಗೂ ಸೇರದೆ ಸ್ವಂತ ಆಸಕ್ತಿಯಿಂದ ಬರೆಯುವವರು ಈ ಮಹಾನಗರದ ಕನ್ನಡಿಗರಲ್ಲಿ ಬಹಳ ಮಂದಿ ಇದ್ದಾರೆ. ಅವರು ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ಅಲ್ಲಿ ಸಿಗದಿದ್ದರೆ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ‘ಎಲ್ಲ ಆವೃತ್ತಿಗಳು’ ಕೊಂಡಿಯನ್ನು ಒತ್ತಿ ನೋಡಿ. ಲೇಖಕರೇ ಏರಿಸಿಟ್ಟ ಪ್ರತಿ ಹಲವು ಸಲ ಅಲ್ಲಿರುತ್ತದೆ.