₹950ರ ಮಲ್ಟಿಮೀಟರ್, ಮೂರು ಸೀಸನ್, ಒಂದು ಜೆಟ್ ಸ್ಕೀ

ವೋಲ್ಟ್, ಕರೆಂಟ್ ಅಳೆಯುವ ಈ ಮಲ್ಟಿಮೀಟರ್ ತಗೊಂಡು ಮೂರು ವರ್ಷ ಆಯಿತು. ತಗೊಳ್ಳುವ ಮೊದಲೇ ಎರಡು ಬ್ಯಾಟರಿಗೆ ದುಡ್ಡು ಸುರಿದಾಗಿತ್ತು. ಆ ಹೊಟ್ಟೆ ಉರಿ ಇನ್ನೂ ಪೂರ್ತಿ ತಣ್ಣಗಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮಲ್ಪೆಯಿಂದ ಉತ್ತರಕ್ಕೆ, ಕೋಡಿ ಬೆಂಗ್ರೆ ಕಡೆಯವರು. ನಮ್ಮ ಹತ್ತಿರ ಇರುವುದು ಒಂದೇ ಜೆಟ್ ಸ್ಕೀ, ಅದೂ ಸೆಕೆಂಡ್ ಹ್ಯಾಂಡ್. ಅಕ್ಟೋಬರ್‌ನಿಂದ ಮೇ ವರೆಗೆ ಅದೇ ನಮ್ಮ ದುಡಿಮೆ. ಐದೈದು ನಿಮಿಷದ ಸವಾರಿ, ಆಫ್ ಮಾಡು, ಮತ್ತೆ ಸ್ಟಾರ್ಟ್ ಮಾಡು. ಪ್ರತಿ ಸ್ಟಾರ್ಟ್‌ಗೂ ಬ್ಯಾಟರಿ ಖರ್ಚಾಗುತ್ತದೆ, ಆದರೆ ತುಂಬಿಕೊಳ್ಳಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಇಂಥ ಗಾಡಿಗೆ ಚಾರ್ಜಿಂಗ್ ಸ್ವಲ್ಪ ಕೈಕೊಟ್ಟರೂ ಸಾಕು, ಭಾನುವಾರ ಮಧ್ಯಾಹ್ನ ನೀರಿನ ನಡುವೆ ನಿಲ್ಲುತ್ತದೆ.

ನಮ್ಮದು ಹಾಗೇ ನಿಂತಿತು. ಡಿಸ್‌ಪ್ಲೇಯಲ್ಲಿ ಬ್ಯಾಟರಿ ಗುರುತು, ಜೊತೆಗೆ ಬೀಪ್ ಬೀಪ್. ಮೆಕ್ಯಾನಿಕ್ ಸೀಟು ಎತ್ತಿ ನೋಡಿ, "ಬ್ಯಾಟ್ರಿ ಹೋಯ್ತು ಮಾರಾಯ್ರೆ, ಹೊಸತು ಹಾಕಿ" ಅಂದರು. ಹಾಕಿಸಿದೆ. ಮೂರೇ ವಾರಕ್ಕೆ ಅದೇ ಕಥೆ. ಇನ್ನೊಂದು ಹಾಕಿಸಿದೆ. ಅದೂ ಕೂತಾಗ ಅವರು ಸ್ಟೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸುರುಳಿ) ಸುಟ್ಟಿರಬೇಕು, ಎಂಜಿನ್ ಕವರ್ ಬಿಚ್ಚಬೇಕು ಅಂದರು. ಖರ್ಚು ಕೇಳಿ ಎದೆ ಧಸಕ್ ಅಂತು. ಅವತ್ತು ರಾತ್ರಿಯೇ ಈ ಮೀಟರ್ ಆರ್ಡರ್ ಮಾಡಿದೆ.

ಇದರಲ್ಲಿ ಏನೇನಿದೆ ಅಂತ ಡಬ್ಬದ ಮೇಲೆಯೇ ಬರೆದಿದೆ. ಅದು ನನ್ನ ಕೈಯಲ್ಲಿ ಮಾಡಿದ ಕೆಲಸ ಹೇಳುತ್ತೇನೆ.

ಮೊದಲ ಅಳತೆ ಬ್ಯಾಟರಿಯದು. ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ಆಮೇಲೆ ರಾತ್ರಿಯಿಡೀ ಸುಮ್ನೆ ನಿಂತ ಒಳ್ಳೆಯ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಹಾಗೆ ನೋಡಿದಾಗ ನನ್ನದು 12.7 ಇತ್ತು. ಅಂದರೆ ಬ್ಯಾಟರಿಯ ತಪ್ಪೇ ಅಲ್ಲ! ಆಮೇಲೆ ಅಳಿವೆಯ ಒಳಗೆ ನೀರು ಶಾಂತವಾಗಿದ್ದ ಹೊತ್ತಿನಲ್ಲಿ, ಗಾಡಿಯ ನೀರಿನ ಪಂಪು ಮರಳು ಎಳೆಯದಷ್ಟು ಆಳದಲ್ಲಿ, ಗಾಡಿಯನ್ನು ಟ್ರೈಲರ್‌ಗೆ ಗಟ್ಟಿಯಾಗಿ ಕಟ್ಟಿ ಸ್ಟಾರ್ಟ್ ಮಾಡಿದೆ. ದಡದಲ್ಲಿ ನೀರಿಲ್ಲದೆ ಓಡಿಸಬೇಡಿ, ಬಿಸಿಯಾಗಿ ಕೆಡುತ್ತದೆ. 3,500 ಆರ್‌ಪಿಎಂ ಹತ್ತಿರ ಬ್ಯಾಟರಿ ಮೇಲೆ 13.5ರಿಂದ 14.5 ಬರಬೇಕು. 15 ದಾಟಿದರೆ ರೆಗ್ಯುಲೇಟರ್ (ಸ್ಟೇಟರಿನ ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಮಾಡಿ ಕಳಿಸುವ ಭಾಗ) ಮೇಲೆ ಅನುಮಾನ ಪಡಬೇಕು. ನನಗೆ ಬಂದದ್ದು 12.5, ಅದೂ ನಿಧಾನಕ್ಕೆ ಇಳಿಯುತ್ತಿತ್ತು.

ಮುಂದೆ ಸ್ಟೇಟರ್. ಅದರಿಂದ ಬರುವ ಮೂರು ಹಳದಿ ವೈರ್‌ಗಳ ಪ್ಲಗ್ ಬಿಚ್ಚಿ ಎರಡೆರಡರ ನಡುವೆ ಓಮ್ಸ್, ಅಂದರೆ ಕರೆಂಟಿಗೆ ಇರುವ ತಡೆ ನೋಡಿದೆ. ಮೂರು ಸಲವೂ 0.5. ಇಲ್ಲಿ ಒಂದು ಮಾತು. ಈ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.3 ತೋರಿಸುತ್ತದೆ. ಅದನ್ನು ಕಳೆದೇ ಲೆಕ್ಕ ಹಾಕಬೇಕು. ಯಾವ ಹಳದಿ ವೈರೂ ಎಂಜಿನ್ ಬಾಡಿಗೆ ತಾಗಿರಲಿಲ್ಲ. ಎಂಜಿನ್ ಓಡಿಸಿ ಎಸಿ ವೋಲ್ಟ್ ನೋಡಿದಾಗ ಆರ್‌ಪಿಎಂ ಏರಿದ ಹಾಗೆ ಮೂರೂ ಜೋಡಿ ಸಮಸಮ ಏರಿದವು. ಸ್ಟೇಟರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇದನ್ನು ಬಿಚ್ಚಿಸಲು ಹೊರಟಿದ್ದೆನಲ್ಲ ಅನ್ನಿಸಿ ಅಲ್ಲೇ ಕೂತುಬಿಟ್ಟೆ.

ಇನ್ನು ಉಳಿದದ್ದು ರೆಗ್ಯುಲೇಟರ್ ಮತ್ತು ಅಲ್ಲಿಂದ ಬ್ಯಾಟರಿಗೆ ಹೋಗುವ ದಾರಿ. ದಾರಿಯಲ್ಲಿ 30 ಆಂಪಿಯರ್ ಫ್ಯೂಸ್ ಇದೆ. ದಾರಿ ತುಂಡಾಗಿಲ್ಲದಿದ್ದರೆ ಬೀಪ್ ಮಾಡುವ ಕಂಟಿನ್ಯುಟಿಯಲ್ಲಿ ಇಟ್ಟು ನೋಡಿದೆ, ಮೀಟರ್ ಬೀಪ್ ಅಂತು. ಫ್ಯೂಸ್ ಸರಿ ಇದೆ ಅಂದುಕೊಂಡೆ. ಈ ಬೀಪ್ ನಂಬಿ ಎರಡು ದಿನ ಹಾಳಾಯಿತು.

ಕೊನೆಗೆ ಟ್ರಾಲರ್ ಬೋಟುಗಳ ವೈರಿಂಗ್ ಮಾಡುವ ದಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಅಣ್ಣ ಒಬ್ಬರು ದಾರಿ ತೋರಿಸಿದರು. "ಎಂಜಿನ್ ಓಡ್ತಾ ಇರುವಾಗ್ಲೇ ಒಂದು ಕಡ್ಡಿ ರೆಗ್ಯುಲೇಟರ್ ಪ್ಲಸ್ಸಿಗೆ ಇಡು, ಇನ್ನೊಂದು ಬ್ಯಾಟ್ರಿ ಪ್ಲಸ್ಸಿಗೆ ಇಡು." ಎರಡೂ ಪ್ಲಸ್, ಅಲ್ವಾ? ಸೊನ್ನೆಯ ಹತ್ತಿರ ಬರಬೇಕು, ಹೆಚ್ಚೆಂದರೆ 0.2 ಅಥವಾ 0.3. ಬಂದದ್ದು 1.9! ರೆಗ್ಯುಲೇಟರ್ ಹತ್ತಿರ 14.4 ಇದೆ, ಬ್ಯಾಟರಿಗೆ ಮುಟ್ಟುವಷ್ಟರಲ್ಲಿ 12.5. ಫ್ಯೂಸ್ ಹೋಲ್ಡರ್ ಹೊರಗೆ ಎಳೆದು ನೋಡಿದರೆ ಒಂದು ಕಾಲಿಗೆ ಹಸಿರು ಕಿಲುಬು, ಪಕ್ಕದ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದೆ. 10 ಆಂಪಿಯರ್ ಹರಿಯುವಾಗ 0.19 ಓಮ್ ಇದ್ದರೂ 1.9 ವೋಲ್ಟ್ ಅಲ್ಲೇ ಮಾಯವಾಗುತ್ತದೆ, 19 ವ್ಯಾಟ್ ಬಿಸಿ ಆಗುತ್ತದೆ. ಅಷ್ಟು ಸಣ್ಣ ತಡೆ ಬೀಪಿಗೆ ಗೊತ್ತೇ ಆಗುವುದಿಲ್ಲ. ಹೊಸ ಹೋಲ್ಡರ್, ಗಟ್ಟಿಯಾಗಿ ಕ್ರಿಂಪ್ ಮಾಡಿದ ತುದಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ, ಮೇಲೆ ಗ್ರೀಸ್. ಖರ್ಚು ₹200 ಒಳಗೆ. ಬ್ಯಾಟರಿ ಮೇಲೆ 14.2 ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಅವತ್ತಿಂದ ಬೆಳಗ್ಗೆ ನನಗೆ ಇದೊಂದು ಅಭ್ಯಾಸ. ಮೊದಲು ಸೀಟು ತೆಗೆದಿಡುತ್ತೇನೆ, ಒಳಗೆ ಪೆಟ್ರೋಲ್ ಆವಿ ಇದ್ದರೆ ಹೋಗಲಿ ಅಂತ. ಅಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತದೆ. ಆಮೇಲೆ ಕೆಂಪು ಕಡ್ಡಿ, ಕಪ್ಪು ಕಡ್ಡಿ. ಬಂದ ಅಂಕಿಯನ್ನು ಹಳೇ ಡೈರಿಯಲ್ಲಿ ಬರೆದಿಡುತ್ತೇನೆ. 12.4ಕ್ಕೆ ಇಳಿದರೆ ಅವತ್ತೇ ಚಾರ್ಜರ್ ಹಾಕುತ್ತೇನೆ. ಮಳೆಗಾಲದಲ್ಲಿ ಬ್ಯಾಟರಿ ಬಿಚ್ಚಿ ಮನೆಗೆ ತಂದಿಟ್ಟಾಗಲೂ ಪ್ರತಿ ಭಾನುವಾರ ನೋಡುತ್ತೇನೆ.

ಮೀಟರಿನ ಮೇಲೆ ದೂರೂ ಇದೆ, ಜಾಸ್ತಿಯೇ ಇದೆ. ಬಿಸಿಲಲ್ಲಿ ಅಂಕಿ ಕಾಣುವುದಿಲ್ಲ, ಟೋಪಿ ಅಡ್ಡ ಹಿಡಿಯಬೇಕು. ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯಿತು, ಉಜ್ಜಿ ಸರಿ ಮಾಡಿದೆ. ಕಡ್ಡಿಗಳ ಲೀಡಿನ ವೈರು ಎರಡನೇ ವರ್ಷಕ್ಕೆ ಗಡುಸಾಗಿ ಬಿರುಕು ಬಿಟ್ಟಿತು. ಸಿಲಿಕೋನ್ ಲೀಡ್ ಬೇರೆ ತಗೊಂಡೆ, ಅದಕ್ಕೆ ₹350. ಒಂದು ಸಲ ಕೆಂಪು ಲೀಡನ್ನು ಕರೆಂಟ್ ಅಳೆಯುವ ಆಂಪಿಯರ್ ತೂತಿನಲ್ಲೇ ಬಿಟ್ಟು ಬ್ಯಾಟರಿಗೆ ಮುಟ್ಟಿಸಿದೆ. ಕಿಡಿ ಹಾರಿ ಒಳಗಿನ ಫ್ಯೂಸ್ ಸುಟ್ಟಿತು. ಆ ತೂತಿಗೆ ಫ್ಯೂಸೇ ಇಲ್ಲದ ಅಗ್ಗದ ಮೀಟರ್‌ಗಳೂ ಇವೆ. ಅಂಥದನ್ನು ದಯವಿಟ್ಟು ಮುಟ್ಟಬೇಡಿ.

ಆದರೂ ಇದನ್ನು ಬಿಡಲು ಮನಸ್ಸಿಲ್ಲ. ಹೋದ ಸೀಸನ್‌ನಲ್ಲಿ ಇಗ್ನಿಷನ್ ಆಫ್ ಇದ್ದಾಗ ಎಷ್ಟು ಕರೆಂಟ್ ಸೋರುತ್ತದೆ ಅಂತಲೂ ಇದರಲ್ಲೇ ನೋಡಿದೆ. 8 ಮಿಲಿ ಆಂಪಿಯರ್, ಭಯವಿಲ್ಲ. ಅದು 100 ಇದ್ದಿದ್ದರೆ ನನ್ನ 18 ಆಂಪಿಯರ್ ಅವರ್ ಬ್ಯಾಟರಿ ಒಂದು ವಾರದಲ್ಲಿ ಖಾಲಿ ಆಗುತ್ತಿತ್ತು.

ನನ್ನ ಹಾಗೆ ಒಂದೇ ಗಾಡಿ ಇರುವವರಿಗೆ ಇದು ಸಾಕು, ಐದಕ್ಕೆ ನಾಲ್ಕು ಸ್ಟಾರ್. ನಾಲ್ಕೈದು ಗಾಡಿ ಓಡಿಸುವವರು ಬ್ಯಾಕ್‌ಲೈಟ್ ಇರುವ, ವೈರಿನ ಸುತ್ತ ಕಚ್ಚಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತಗೊಳ್ಳಿ, ವೈರ್ ಬಿಚ್ಚುವ ಕೆಲಸ ತಪ್ಪುತ್ತದೆ. ಬಿಚ್ಚಿಟ್ಟ ಆ ಎರಡು ಬ್ಯಾಟರಿ ಚೆನ್ನಾಗಿಯೇ ಇದ್ದವು. ಒಂದು ಈಗ ಅಂಗಡಿಯ ದೀಪಕ್ಕೆ, ಇನ್ನೊಂದು ತಮ್ಮನ ದೋಣಿಯಲ್ಲಿ.