ಬಿಎನ್‌ಎಸ್‌ಎಫ್ ಸರಕು ರೈಲು: ಹಳಿಯ ಏರಿನಲ್ಲಿ ಅಳೆದ ಸೇವೆ

ಸರಕು ಸಾಗಣೆಯ ಸಂಸ್ಥೆಯನ್ನು ತೂಗಿ ನೋಡುವವರು ಸಾಮಾನ್ಯವಾಗಿ ದರವನ್ನೂ, ಸರಕು ತಲುಪಲು ಹಿಡಿಯುವ ದಿನಗಳನ್ನೂ ಕೇಳುತ್ತಾರೆ. ಅಮೆರಿಕದ ಬಿಎನ್‌ಎಸ್‌ಎಫ್ (ಬರ್ಲಿಂಗ್ಟನ್ ನಾರ್ದರ್ನ್ ಸಾಂಟಾ ಫೆ) ರೈಲ್ವೆಯ ಮಟ್ಟಿಗೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಸರಕು ಹೋಗಬೇಕಾದ ದಾರಿಯಲ್ಲಿ ಹಳಿ ಎಲ್ಲಿ ಏರುತ್ತದೆ, ಎಷ್ಟು ಏರುತ್ತದೆ? ಅಲ್ಲಿನ ದೊಡ್ಡ ಸರಕು ರೈಲು ಕಂಪನಿಗಳು ತಮ್ಮ ಹಳಿಗಳಿಗೆ ತಾವೇ ಒಡೆಯರು. ಹಾಗಾಗಿ ನೂರು ವರ್ಷಗಳ ಹಿಂದೆ ಸರ್ವೆ ಮಾಡಿದವರು ಆರಿಸಿದ ಕಣಿವೆಯ ಗುಣದೋಷಗಳು ಇಂದಿನ ಗ್ರಾಹಕನ ಲೆಕ್ಕದ ಪುಸ್ತಕದವರೆಗೂ ಬಂದು ಮುಟ್ಟುತ್ತವೆ.

ಸಂಸ್ಥೆಯ ಹೆಸರು ಹೊಸದು, ಬೇರು ಹಳೆಯದು. 1849ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ 12 ಮೈಲಿಯ ಅರೋರಾ ಬ್ರಾಂಚ್ ಎಂಬ ರೈಲುಮಾರ್ಗ ಮುಂದೆ ಬರ್ಲಿಂಗ್ಟನ್ ರೈಲ್ವೆಯಾಗಿ ಬೆಳೆಯಿತು. 1859ರಲ್ಲಿ ಕ್ಯಾನ್ಸಸ್‌ನಲ್ಲಿ ಸೈರಸ್ ಹಾಲಿಡೇ ಸಾಂಟಾ ಫೆ ರೈಲ್ವೆಗೆ ಅಡಿಗಲ್ಲು ಹಾಕಿದ. ಉತ್ತರದಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆ, ಸರಕಾರ ಕೊಟ್ಟ ಅಪಾರ ಭೂಮಿಯ ಬಲದಿಂದ ಕಟ್ಟಿಕೊಂಡರೆ, ಉದ್ಯಮಿ ಜೇಮ್ಸ್ ಹಿಲ್‌ನ ಗ್ರೇಟ್ ನಾರ್ದರ್ನ್ ರೈಲ್ವೆ ಮಿನೆಸೋಟದಿಂದಾಚೆ ಅಂಥ ಭೂದಾನವಿಲ್ಲದೆಯೇ 1893ರಲ್ಲಿ ಪೆಸಿಫಿಕ್ ಕರಾವಳಿಯನ್ನು ಮುಟ್ಟಿತು. ಉತ್ತರದ ಈ ಕಂಪನಿಗಳನ್ನು ಒಂದೇ ಹಿಡಿತಕ್ಕೆ ತರಲು ಹಿಲ್ ಹೂಡಿದ ಯೋಜನೆಯನ್ನು ಸುಪ್ರೀಂ ಕೋರ್ಟ್ 1904ರಲ್ಲಿ ಮುರಿದು ಹಾಕಿತು. ವಿಚಿತ್ರವೆಂದರೆ, ಅವೇ ಕಂಪನಿಗಳು 1970ರಲ್ಲಿ ಬರ್ಲಿಂಗ್ಟನ್ ನಾರ್ದರ್ನ್ ಎಂಬ ಹೆಸರಿನಲ್ಲಿ ಕಾನೂನಿನ ಒಪ್ಪಿಗೆಯಿಂದಲೇ ಒಂದಾದವು. 1995ರಲ್ಲಿ ಸಾಂಟಾ ಫೆ ಜೊತೆಗೂಡಿತು. 2010ರಲ್ಲಿ ಇಡೀ ಸಂಸ್ಥೆ ಬರ್ಕ್‌ಷೈರ್ ಹ್ಯಾಥವೇ ಎಂಬ ಹೂಡಿಕೆ ಕಂಪನಿಯ ಪಾಲಾಯಿತು. ಇಂದು 28 ರಾಜ್ಯಗಳಲ್ಲಿ ಸುಮಾರು 32,500 ಮೈಲಿಗಳ ಜಾಲ ಇದರದು.

ಈ ಜಾಲದ ಕಿರೀಟ ಲಾಸ್ ಏಂಜಲೀಸ್–ಚಿಕಾಗೊ ನಡುವಿನ ಸುಮಾರು 2,200 ಮೈಲಿಗಳ ‘ಟ್ರಾನ್ಸ್‌ಕಾನ್’ ಮಾರ್ಗ. ಸಾಂಟಾ ಫೆಯ ಮೊದಲ ದಾರಿ ರಟೋನ್ ಕಣಿವೆಯನ್ನು ಹತ್ತುತ್ತಿತ್ತು. ಅಲ್ಲಿ ನೂರು ಅಡಿ ಸಾಗುವಷ್ಟರಲ್ಲಿ ಹಳಿ ಮೂರೂವರೆ ಅಡಿ ಮೇಲೇರುತ್ತದೆ. 1908ರಲ್ಲಿ ನ್ಯೂ ಮೆಕ್ಸಿಕೊದ ಬೆಲೆನ್ ಮೂಲಕ ತೆರೆದ ಹೊಸ ದಾರಿಯಲ್ಲಿ ಆ ಏರು ಒಂದೂಕಾಲು ಅಡಿಗೆ ಇಳಿಯಿತು. ಇಂದು ಕಂಟೇನರ್ ಮೇಲೆ ಕಂಟೇನರ್ ಪೇರಿಸಿಕೊಂಡ ಉದ್ದನೆಯ ರೈಲುಗಳು ಈ ದಾರಿಯಲ್ಲಿ ಸಲೀಸಾಗಿ ಓಡುವುದಕ್ಕೆ ಎಂಜಿನ್ನಿನ ಬಲದಷ್ಟೇ ಆ ತೀರ್ಮಾನವೂ ಕಾರಣ. ಸಂಸ್ಥೆ ಅದನ್ನು ಹಾಳುಗೆಡವಲಿಲ್ಲ ಎಂಬುದಕ್ಕೆ ಪೂರ್ಣ ಅಂಕ ಸಲ್ಲಬೇಕು: 2008ರಲ್ಲಿ ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯಲ್ಲಿ ಮೂರನೆಯ ಹಳಿ ಬಿತ್ತು, 2011ರಲ್ಲಿ ನ್ಯೂ ಮೆಕ್ಸಿಕೊದ ಆಬೊ ಕಣಿವೆಯ ಬಂಡೆಗಳನ್ನು ಕಡಿದು ಎರಡನೆಯ ಹಳಿ ಹಾಕಿದರು, ಮಾರ್ಗ ಈಗ ಬಹುತೇಕ ಜೋಡಿ ಹಳಿಯದು. ಲಾರಿ ಸಾಗಣೆಯ ಜೆ.ಬಿ. ಹಂಟ್ ಕಂಪನಿ 1989ರಲ್ಲೇ ಸಾಂಟಾ ಫೆ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಟ್ರೇಲರ್‌ಗಳನ್ನು ರೈಲಿಗೇರಿಸಿತು. ಪೈಪೋಟಿಗಾರನೇ ಗ್ರಾಹಕನಾಗಿ ಬರುವುದಕ್ಕಿಂತ ದೊಡ್ಡ ಶಿಫಾರಸು ಬೇಕೆ? ಇಷ್ಟೆಲ್ಲ ಇದ್ದರೂ ಅಯೋವಾದ ಫೋರ್ಟ್ ಮ್ಯಾಡಿಸನ್‌ನಲ್ಲಿ 1927ರ ತಿರುಗು ಸೇತುವೆ ಮಿಸಿಸಿಪಿಯ ದೋಣಿಗಳಿಗಾಗಿ ತೆರೆದಾಗ ಅವಸರದ ರೈಲೂ ದಡದಲ್ಲಿ ಕಾಯುತ್ತದೆ.

ಹಿಲ್‌ನ ಗ್ರೇಟ್ ನಾರ್ದರ್ನ್ ಕಟ್ಟಿದ ಉತ್ತರದ ಮಾರ್ಗಕ್ಕೆ ಇದೇ ಅಂಕ ಕೊಡಲಾರೆ. ಮೊಂಟಾನಾದಲ್ಲಿ ರಾಕಿ ಪರ್ವತಗಳನ್ನು ಅದು ದಾಟುವ ಮರಾಯಸ್ ಕಣಿವೆಯ ಎತ್ತರ ಕೇವಲ 5,213 ಅಡಿ. 1889ರ ಡಿಸೆಂಬರ್ ಹಿಮದಲ್ಲಿ ಎಂಜಿನಿಯರ್ ಜಾನ್ ಸ್ಟೀವನ್ಸ್ ಅದನ್ನು ಗುರುತಿಸಿದ್ದು ಹಿಲ್‌ನ ಭಾಗ್ಯ. ತೊಡಕಿರುವುದು ಇನ್ನೂ ಪಶ್ಚಿಮಕ್ಕೆ, ಕ್ಯಾಸ್ಕೇಡ್ ಪರ್ವತಗಳಲ್ಲಿ. 1910ರಲ್ಲಿ ವೆಲಿಂಗ್ಟನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕ ರೈಲುಗಳಲ್ಲಿ 96 ಜನ ಸತ್ತ ಮೇಲೆ ತೋಡಿದ, 1929ರಲ್ಲಿ ತೆರೆದ ಸುರಂಗ ಸುಮಾರು 7.8 ಮೈಲಿ ಉದ್ದದ್ದು. ಒಳಗೆ ಒಂದೇ ಹಳಿ. ಡೀಸೆಲ್ ಎಂಜಿನ್ ಹಾದುಹೋದ ಮೇಲೆ ದೊಡ್ಡ ಫ್ಯಾನುಗಳು ಹೊಗೆಯನ್ನು ಹೊರದೂಡುವವರೆಗೆ ಮುಂದಿನ ರೈಲು ಒಳಹೋಗುವಂತಿಲ್ಲ. ದಿನಕ್ಕೆ ಎಷ್ಟು ರೈಲು ದಾಟಬಹುದೆಂಬುದನ್ನು ಇಲ್ಲಿ ನಿರ್ಧರಿಸುವುದು ಬೇಡಿಕೆಯಲ್ಲ, ಗಾಳಿ. ಈ ಮಾರ್ಗದ ಇಕ್ಕಟ್ಟು 2013–14ರಲ್ಲಿ ಬಯಲಾಯಿತು: ನಾರ್ತ್ ಡಕೋಟಾದಲ್ಲಿ ಒಮ್ಮೆಲೇ ಹೆಚ್ಚಿದ ಕಚ್ಚಾ ತೈಲದ ರೈಲುಗಳು, ಒಳ್ಳೆಯ ಫಸಲು, ಕಡು ಚಳಿ ಮೂರೂ ಕೂಡಿಬಂದು ರೈತರ ಧಾನ್ಯ ವ್ಯಾಗನ್ನಿಗಾಗಿ ಕಾದು ಕುಳಿತಿತು. ಸಾಗಿಸದೆ ಬಾಕಿ ಉಳಿದ ಧಾನ್ಯದ ಲೆಕ್ಕವನ್ನು ವಾರವಾರವೂ ಒಪ್ಪಿಸುವಂತೆ ಫೆಡರಲ್ ಸಾರಿಗೆ ಮಂಡಳಿ ಆದೇಶಿಸಬೇಕಾಯಿತು. ಸಂಸ್ಥೆ ಆಮೇಲೆ ಅಲ್ಲಿ ಜೋಡಿ ಹಳಿಗೆ ಧಾರಾಳವಾಗಿ ಹಣ ಸುರಿದದ್ದು ನಿಜ. ಆದರೆ ತೈಲ ಹೆಚ್ಚುತ್ತಿದ್ದುದು ಅದಕ್ಕೆ ಮೊದಲೇ ಕಾಣುತ್ತಿತ್ತು.

ವಯೋಮಿಂಗ್‌ನ ಪೌಡರ್ ರಿವರ್ ಕಲ್ಲಿದ್ದಲಿನ ಬಗ್ಗೆ ಒಂದೇ ಮಾತು. ಯೂನಿಯನ್ ಪೆಸಿಫಿಕ್ ಎಂಬ ಇನ್ನೊಂದು ರೈಲ್ವೆಯ ಜೊತೆ ಹಂಚಿಕೊಂಡ ಆ ಮಾರ್ಗದಲ್ಲಿ 2005ರಲ್ಲಿ ರೈಲುಗಳು ಹಳಿ ತಪ್ಪಿದ ಮೇಲೆ, ಜಲ್ಲಿಯೊಳಗೆ ಸೇರಿ ನೀರು ಬಸಿಯದಂತೆ ಮಾಡುವ ಕಲ್ಲಿದ್ದಲ ಪುಡಿಯನ್ನು ತಡೆಯುವ ಹೊಣೆ ಕಲ್ಲಿದ್ದಲು ಕಳಿಸುವ ಗ್ರಾಹಕರ ಮೇಲೂ ಬಿದ್ದಿದೆ.

ಹೀಗಾಗಿ ಪಶ್ಚಿಮ ಕರಾವಳಿಯಿಂದ ಚಿಕಾಗೊ ಅಥವಾ ಟೆಕ್ಸಸ್‌ಗೆ ಕಂಟೇನರ್ ಕಳಿಸುವವರಿಗೆ ಈ ಸೇವೆಯನ್ನು ಹಿಂಜರಿಯದೆ ಸೂಚಿಸುತ್ತೇನೆ. ಬೇರೊಂದು ರೈಲಿನ ಹಳಿ ಹತ್ತಿರ ಎಲ್ಲೂ ಇಲ್ಲದ ಉತ್ತರದ ಧಾನ್ಯ ವ್ಯಾಪಾರಿಗೆ ಸೂಚಿಸುವ ಪ್ರಶ್ನೆಯೇ ಬಾರದು, ಅವನಿಗೆ ಇರುವುದೇ ಇದೊಂದು. ನ್ಯೂಯಾರ್ಕ್ ಕಡೆಗೆ ಕಳಿಸುವವರು ಮಾತ್ರ ಒಂದನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು: ಚಿಕಾಗೊದಲ್ಲಿ ಈ ಸಂಸ್ಥೆಯ ಹಳಿ ಮುಗಿಯುತ್ತದೆ, ಅಲ್ಲಿಂದ ಮುಂದೆ ಸರಕು ಪೂರ್ವದ ಕಂಪನಿಯ ಕೈಗೆ ಹೋಗಬೇಕು. ಆ ಕೈಬದಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಎರಡೂ ಕಂಪನಿಗಳಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು.